ಮುಂಗೈಯ ಅಳತೆ, ಗಡಿಯಾರದ ಅಳತೆ

ಮದುವೆಯ ಕಾಲ ಬಂದೊಡನೆ ಗಡಿಯಾರದ ಅಂಗಡಿಗಳಲ್ಲಿ ಜನಸಂದಣಿ ಹೆಚ್ಚುವುದು ನಮ್ಮ ಪಟ್ಟಣಗಳಲ್ಲಿ ವಾಡಿಕೆಯ ಸಂಗತಿ. ವರನಿಗೆ ಉಂಗುರ, ವಸ್ತ್ರ, ಕೈಗಡಿಯಾರ ಈ ಮೂರನ್ನೂ ಕೊಡುವ ಪದ್ಧತಿ ಅನೇಕ ಮನೆತನಗಳಲ್ಲಿ ಇಂದಿಗೂ ನಡೆದುಬಂದಿದೆ. ಇಂಥದೊಂದು ಅಂಗಡಿಯಲ್ಲಿ ಕನ್ಯೆಯ ತಂದೆಯೊಬ್ಬರು ಅಚ್ಚುಕಟ್ಟಾದ ಗಡಿಯಾರವನ್ನು ಆರಿಸಿ ಹಣವೆಣಿಸುತ್ತಿದ್ದರು. ಜೊತೆಗೆ ಬಂದಿದ್ದ ವರನ ತಮ್ಮನು, “ಇದು ಸಣ್ಣದಾಯಿತಲ್ಲ, ಮಾವನವರೇ, ಈಗ ಎಲ್ಲರೂ ದೊಡ್ಡದನ್ನೇ ಕಟ್ಟುತ್ತಾರೆ” ಎಂದನು. ಹಿರಿಯರು ಮರುಮಾತಾಡದೆ ಅದನ್ನು ಹಿಂದಕ್ಕಿಟ್ಟು, ಎಣಿಸಿದ್ದ ಹಣಕ್ಕೆ ಮತ್ತಷ್ಟನ್ನು ಸೇರಿಸಿದರು. ಇದು ನಾವು ಕಣ್ಣಾರೆ ಕಂಡುದು. ಈ ದೊಡ್ಡ ಗಡಿಯಾರದ ಮೋಹವು ಎಲ್ಲಿಂದ ಬಂದಿತು, ಅದರಲ್ಲಿ ಹುರುಳೆಷ್ಟು ಎಂಬುದನ್ನು ವಿಚಾರಿಸಬೇಕೆಂದು ನಮಗೆ ಅಂದೇ ತೋರಿತು.

ಗಡಿಯಾರವು ಗಂಡಸರ ಜೇಬಿನಿಂದ ಮುಂಗೈಗೆ ಬಂದುದು ಬಹುಮಟ್ಟಿಗೆ 1914ರಿಂದ 1918ರವರೆಗಿನ ಮಹಾಯುದ್ಧದ ಫಲ. ಅದಕ್ಕೆ ಮುಂಚೆ ಕೈಗೆ ಕಟ್ಟುವ ಗಡಿಯಾರವೆಂದರೆ ಸ್ತ್ರೀಯರ ಆಭರಣವೆಂಬ ಭಾವನೆಯಿತ್ತು. ಕಂದಕದಲ್ಲಿದ್ದ ಸೈನಿಕನಿಗೆ ಜೇಬು ತಡಕುವ ವ್ಯವಧಾನವೆಲ್ಲಿ? ಯುದ್ಧಾನಂತರ ಅದೇ ಗಡಿಯಾರವು ಸಭ್ಯಗೃಹಸ್ಥರ ಕೈಯನ್ನೂ ಸೇರಿತು. ಆದರೆ ಅಂದಿನವರು ದೊಡ್ಡದನ್ನು ಬಯಸಲಿಲ್ಲ. ಜಿನೀವಾದ ಪಟೆಕ್ ಫಿಲಿಪ್ ಕಂಪೆನಿಯು 1932ರಲ್ಲಿ ಹೊರತಂದ ಪ್ರಸಿದ್ಧ ‘ಕಲಾಟ್ರಾವಾ’ದ ಅಡ್ಡಳತೆ ಸುಮಾರು 31 ಮಿಲಿಮೀಟರ್. ರೋಲೆಕ್ಸಿನವರ ‘ಡೇಟ್‌ಜಸ್ಟ್’ 1945ರಲ್ಲಿ ಬಂದಾಗ 36 ಮಿಲಿಮೀಟರ್. ಸಣ್ಣದರೊಳಗೆ ಸೂಕ್ಷ್ಮಯಂತ್ರವನ್ನು ಅಡಗಿಸುವುದೇ ಆಗ ಕುಶಲತೆಯೆನಿಸಿತ್ತು.

ದೊಡ್ಡ ಗಡಿಯಾರಗಳು ಅಂದು ಇರಲಿಲ್ಲವೆಂದಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವೈಮಾನಿಕರಿಗಾಗಿ ಮಾಡಿದ ಗಡಿಯಾರಗಳು 55 ಮಿಲಿಮೀಟರಿನವು. ದಪ್ಪ ಅಂಗಿಯ ತೋಳಿನ ಮೇಲೆ ಕಟ್ಟತಕ್ಕವು. ಕೈಚೀಲ ತೊಟ್ಟ ಬೆರಳಿಗೂ ಸಿಕ್ಕುವಷ್ಟು ದೊಡ್ಡದಾದ ಕೀಲಿಯುಳ್ಳವು. ಫ್ಲಾರೆನ್ಸಿನ ಪನೆರಾಯ್ ಸಂಸ್ಥೆಯು ಇಟಲಿಯ ನೌಕಾದಳದ ಮುಳುಗುಗಾರರಿಗೆ ಒದಗಿಸಿದವು 47 ಮಿಲಿಮೀಟರಿನವು. ಕಡಲಿನಡಿಯ ಕತ್ತಲೆಯಲ್ಲಿ ಅಂಕೆಗಳು ಕಾಣಬೇಕಷ್ಟೆ! ಅಲ್ಲಿ ಗಾತ್ರವು ಕೆಲಸದ ಆಜ್ಞೆಯಾಗಿತ್ತೇ ಹೊರತು ತೋರಿಕೆಯ ಬಯಕೆಯಾಗಿರಲಿಲ್ಲ.

1969ರಲ್ಲಿ ಜಪಾನಿನ ಸೈಕೋದವರು ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದರು. ಕ್ರಮೇಣ ಸರಿಯಾದ ವೇಳೆಯು ಅಗ್ಗದ ಬೆಲೆಗೇ ದೊರೆಯತೊಡಗಿತು. ಬೆಲೆಬಾಳುವ ಗಡಿಯಾರವನ್ನು ಮಾರುವವರಿಗೆ ವೇಳೆಯ ಹೊರತಾಗಿ ಬೇರೊಂದು ಆಕರ್ಷಣೆ ಬೇಕಾಯಿತು. 1993ರಲ್ಲಿ ಓಡೆಮಾರ್ ಪಿಗೆ ಕಂಪೆನಿಯ 42 ಮಿಲಿಮೀಟರಿನ ‘ರಾಯಲ್ ಓಕ್ ಆಫ್‌ಶೋರ್’ ಬಂದಿತು. ಪನೆರಾಯ್ ಗಡಿಯಾರಗಳು ಜನಸಾಮಾನ್ಯರಿಗೆ ಮಾರಾಟಕ್ಕೆ ಬಂದುದೂ ಅದೇ ವರ್ಷ. 1996ರ ‘ಡೇಲೈಟ್’ ಚಲಚ್ಚಿತ್ರದಲ್ಲಿ ನಟ ಸಿಲ್ವೆಸ್ಟರ್ ಸ್ಟಲೋನ್ ಪನೆರಾಯ್ ಗಡಿಯಾರವನ್ನು ಕಟ್ಟಿಕೊಂಡುದು ಅದರ ಖ್ಯಾತಿಯನ್ನು ಬೆಳೆಸಿತು. 2002ರಲ್ಲಿ ಐ.ಡಬ್ಲ್ಯು.ಸಿ.ಯವರ ‘ಬಿಗ್ ಪೈಲಟ್’ 46 ಮಿಲಿಮೀಟರಿನದಾಗಿ ಹೊರಟಿತು. ವಿಮಾನವನ್ನು ಮುಟ್ಟದವನ ಕೈಗೆ ವೈಮಾನಿಕನ ಗಡಿಯಾರ, ಕೆರೆಯಲ್ಲಿಯೂ ಈಜದವನ ಕೈಗೆ ಮುಳುಗುಗಾರನ ಗಡಿಯಾರ ಬಂದ ಬಗೆ ಇದು.

ಆದರೆ ನೆರೆ ಬಂದಂತೆ ಇಳಿತವೂ ಬಂದಿದೆ. ರೋಲೆಕ್ಸಿನವರು ತಮ್ಮ ‘ಎಕ್ಸ್‌ಪ್ಲೋರರ್’ ಅನ್ನು 2010ರಲ್ಲಿ 39 ಮಿಲಿಮೀಟರಿಗೆ ಹಿಗ್ಗಿಸಿ, 2021ರಲ್ಲಿ ಪುನಃ ಹಳೆಯ 36ಕ್ಕೆ ತಂದರು. ನಿನ್ನೆ ದೊಡ್ಡದೇ ಗಂಡಸುತನವೆಂದವರು ಇಂದು ಸಣ್ಣದೇ ಸದಭಿರುಚಿಯೆಂದು ಸಾರುತ್ತಿದ್ದಾರೆ. ಎರಡು ಸಾರಿಯೂ ಹಣ ತೆತ್ತವನು ಗಿರಾಕಿಯೇ.

ಈ ವಿಷಯದಲ್ಲಿ ನಮ್ಮ ನಾಡಿನ ಅನುಭವವೂ ಸ್ಮರಣೀಯವಾದುದು. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಎಚ್.ಎಂ.ಟಿ. ಗಡಿಯಾರಗಳ ತಯಾರಿಕೆ ಆರಂಭವಾಯಿತು. ಅದರ ‘ಜನತಾ’ ಸುಮಾರು 35 ಮಿಲಿಮೀಟರಿನದು. ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಗುಮಾಸ್ತನ ಕೈಯಲ್ಲಿಯೂ ಮೇಷ್ಟ್ರ ಕೈಯಲ್ಲಿಯೂ ಸಮಾನವಾಗಿ ನಡೆಯುತ್ತಿತ್ತು. ಕಾರ್ಖಾನೆಗಳನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ಸಮ್ಮತಿಸಿತಾದರೂ ಆ ಗಡಿಯಾರಗಳು ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದಿವೆ. ಸ್ವಿಟ್ಜರ್ಲೆಂಡಿನಿಂದ 46 ಮಿಲಿಮೀಟರಿನ ಗಡಿಯಾರ ಹೊರಟ ಆ 2002ರಲ್ಲಿಯೇ ನಮ್ಮ ಗಡಿಯಂಚಿನ ಹೊಸೂರಿನ ಟೈಟನ್ ಸಂಸ್ಥೆಯು ಕೇವಲ 3.5 ಮಿಲಿಮೀಟರ್ ದಪ್ಪದ ‘ಎಡ್ಜ್’ ಅನ್ನು ತಂದಿತೆಂಬುದನ್ನು ವಾಚಕರು ಗಮನಿಸಬೇಕು. ಅದರೊಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್ ಮಾತ್ರ. ಪರರು ಉಬ್ಬಿಸುತ್ತಿದ್ದಾಗ ನಮ್ಮವರು ತೆಳುವಾಗಿಸುವ ಕಷ್ಟದ ವಿದ್ಯೆಯನ್ನು ಸಾಧಿಸಿದರು.

ಹಾಗೆಂದು ಸಣ್ಣದೇ ಶ್ರೇಷ್ಠವೆಂದು ನಾವು ಹೇಳುತ್ತಿಲ್ಲ. ಕಣ್ಣು ಮಂದವಾದ ವೃದ್ಧರಿಗೆ ದೊಡ್ಡ ಅಂಕೆಗಳು ಬೇಕು. ಅಗಲವಾದ ಮುಂಗೈಯವನಿಗೆ ಸಣ್ಣ ಗಡಿಯಾರವು ಗುಂಡಿಯಂತೆ ತೋರಬಹುದು. ದೊಡ್ಡದನ್ನು ಮೆಚ್ಚಿ ಕಟ್ಟುವ ಹೆಣ್ಣುಮಕ್ಕಳಿದ್ದಾರೆ. ಅವರ ಇಷ್ಟಕ್ಕೆ ಅಡ್ಡಬರಲು ನಾವಾರು? ನಮ್ಮ ಆಕ್ಷೇಪಣೆ ಗಾತ್ರಕ್ಕಲ್ಲ, ಎರವಲು ತಂದ ಅಭಿರುಚಿಗೆ.

ಕೊಳ್ಳುವವರಿಗೆ ಕೆಲವು ಮಾತು. ಅಡ್ಡಳತೆಯು 35ರಿಂದ 46ಕ್ಕೆ ಏರಿದರೆ ಹೆಚ್ಚಿದುದು ಹನ್ನೊಂದೇ ಮಿಲಿಮೀಟರ್ ಎನ್ನಬೇಡಿರಿ. ಮುಖದ ವಿಸ್ತೀರ್ಣವು ಮುಕ್ಕಾಲು ಪಾಲಿನಷ್ಟು ಹೆಚ್ಚುತ್ತದೆ. ಪಟ್ಟಿ ಸಿಕ್ಕಿಸುವ ಮೇಲಿನ ಮತ್ತು ಕೆಳಗಿನ ತುದಿಗಳು ಮಣಿಕಟ್ಟಿನ ಅಂಚನ್ನು ಮೀರಿ ಚಾಚಿದರೆ ಆ ಗಡಿಯಾರ ನಿಮ್ಮದಲ್ಲ. ದಿನಾಂಕದ ಕಿಂಡಿಯು ಅಂಚನ್ನು ಬಿಟ್ಟು ನಡುವಿಗೆ ಸರಿದಿದ್ದರೆ, ಸಣ್ಣ ಯಂತ್ರವನ್ನು ದೊಡ್ಡ ಡಬ್ಬಿಯೊಳಗೆ ಕೂರಿಸಿರುವರೆಂದು ಬಹುಮಟ್ಟಿಗೆ ಊಹಿಸಬಹುದು. ನೀವು ಹೆಚ್ಚಾಗಿ ತೆರುವುದು ಆಗ ಬರಿಯ ಲೋಹಕ್ಕೆ!

ಕಡೆಯದಾಗಿ ವರಮಹಾಶಯರಿಗೊಂದು ಬಿನ್ನಹ. ಬೆಂಗಳೂರಿನ ಗಡಿಯಾರ ಹುಟ್ಟಿದ ಆ 1961ರಲ್ಲಿಯೇ ವರದಕ್ಷಿಣೆಯನ್ನು ನಿಷೇಧಿಸುವ ಶಾಸನವೂ ಹುಟ್ಟಿತು. ಕೇಳದೆ ಪ್ರೀತಿಯಿಂದ ಕೊಟ್ಟ ಕಾಣಿಕೆಗೆ ಅದು ಅಡ್ಡಬರುವುದಿಲ್ಲ. ಕೇಳಿ ಪಡೆಯುವುದನ್ನು ಅದು ಒಪ್ಪುವುದಿಲ್ಲ. “ಇದು ಸಣ್ಣದಾಯಿತಲ್ಲ” ಎಂಬ ಮಾತು ಕೇಳಿಕೆಯಲ್ಲದೆ ಮತ್ತೇನು? ದೊಡ್ಡ ಗಡಿಯಾರವೇ ಬೇಕೆನ್ನುವವನು ತನ್ನ ದುಡಿಮೆಯಿಂದ ಕೊಂಡು, ತನ್ನ ಮುಂಗೈಯ ಅಳತೆ ನೋಡಿ ಧಾರಾಳವಾಗಿ ಕಟ್ಟಿಕೊಳ್ಳಲಿ. ಹೆಣ್ಣು ಹೆತ್ತವರು ಒಲಿದು ಕೊಟ್ಟುದನ್ನು ಮಾತ್ರ ಅಳೆಯದೆ ಸ್ವೀಕರಿಸಲಿ.