ವ್ಯಾನ್ ಮನೆಗೆ ಕರೆಂಟು: ಬ್ಯಾಟರಿ ಕೊಳ್ಳುವ ಮುನ್ನ

ಟೆಂಪೊ ಟ್ರಾವೆಲರನ್ನೋ ಹಳೆಯ ಡೆಲಿವರಿ ವ್ಯಾನನ್ನೋ ಓಡಾಡುವ ಮನೆಯಾಗಿ ಮಾಡಿಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಆಂಪಿಯರ್ ಬ್ಯಾಟರಿ ಹಾಕಿಸಲಿ?’ ನಿಜಕ್ಕೂ ಅದು ಕೊನೆಗೆ ಬರಬೇಕಾದ ಪ್ರಶ್ನೆ. ಎರಡು ದಿನಕ್ಕೊಮ್ಮೆ ಒಂದು ತಾಸು ನಲ್ಲಿ ನೀರು ಬರುವ ಮನೆಯಲ್ಲಿ ಸಂಪನ್ನು ಎಷ್ಟು ದೊಡ್ಡದಾಗಿ ಕಟ್ಟಿಸಿದರೂ ಬರುವ ನೀರು ಅಷ್ಟೇ. ಬ್ಯಾಟರಿಯದೂ ಅದೇ ಕಥೆ. ದಿನಕ್ಕೆ ಎಷ್ಟು ಖರ್ಚಾಗುತ್ತದೆ, ಎಷ್ಟು ವಾಪಸ್ ತುಂಬಬಹುದು ಎಂಬುದು ಗೊತ್ತಾದ ಮೇಲೆ ಬ್ಯಾಟರಿಯ ಗಾತ್ರ ತಾನಾಗಿ ತೀರ್ಮಾನವಾಗುತ್ತದೆ.

ಗಾಡಿಯ ಬ್ಯಾಟರಿ ಏಕೆ ಸಾಲದು?

ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯ ಕೆಲಸವೇ ಬೇರೆ. ಕೆಲವು ಸೆಕೆಂಡು ನೂರಾರು ಆಂಪಿಯರ್ ಕೊಡುವುದು, ಆಮೇಲೆ ಆಲ್ಟರ್ನೇಟರಿನಿಂದ ತುಂಬಿಕೊಂಡು ಸುಮ್ಮನಿರುವುದು. ಅದಕ್ಕೆಂದೇ ಅದರೊಳಗಿನ ಸೀಸದ ಪ್ಲೇಟುಗಳು ತೆಳುವಾಗಿರುತ್ತವೆ, ಸಂಖ್ಯೆಯಲ್ಲಿ ಹೆಚ್ಚಿರುತ್ತವೆ. ರಾತ್ರಿಯಿಡೀ ಅದರಿಂದ ಫ್ರಿಜ್ಜು, ಫ್ಯಾನು ಓಡಿಸುತ್ತ ಹೋದರೆ ಪ್ಲೇಟುಗಳು ಬೇಗ ಹಾಳಾಗುತ್ತವೆ. ಬೆಳಿಗ್ಗೆ ಗಾಡಿಯೂ ಸ್ಟಾರ್ಟ್ ಆಗದು. ಆದ್ದರಿಂದ ವಾಸದ ಭಾಗಕ್ಕೆ ಪ್ರತ್ಯೇಕವಾದ ಡೀಪ್ ಸೈಕಲ್ ಬ್ಯಾಟರಿ, ಅಂದರೆ ಮತ್ತೆ ಮತ್ತೆ ಆಳಕ್ಕೆ ಇಳಿಸಿ ತುಂಬಬಲ್ಲ ಬ್ಯಾಟರಿ ಬೇಕು. ಬ್ರಿಟನ್ನಿನ ಮೋಟರ್‌ಹೋಮ್ ಮಂದಿ ಇದನ್ನೇ ಲೀಷರ್ ಬ್ಯಾಟರಿ ಎನ್ನುತ್ತಾರೆ.

ಮೊದಲು ಖರ್ಚು

ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವಾಟ್-ಅವರ್. ಇಬ್ಬರು ಇರುವ ವ್ಯಾನಿನ ಒಂದು ಬಿಸಿ ದಿನದ ಲೆಕ್ಕ ಹೆಚ್ಚು ಕಡಿಮೆ ಹೀಗಿರುತ್ತದೆ:

12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಜ್: 450 ವಾಟ್-ಅವರ್
20 ವಾಟಿನ ಡಿಸಿ ಫ್ಯಾನ್, 10 ಗಂಟೆ: 200
ಲ್ಯಾಪ್‌ಟಾಪ್: 150
5 ವಾಟಿನ ಮೂರು ಎಲ್‌ಇಡಿ ದೀಪ, 4 ಗಂಟೆ: 60
ಮೊಬೈಲುಗಳು: 40
ನೀರಿನ ಪಂಪು: 20

ಒಟ್ಟು 920. ವೈರು, ಚಾರ್ಜರುಗಳಲ್ಲಿ ಸೋರುವುದನ್ನು ಸೇರಿಸಿ 1050 ಎಂದಿಟ್ಟುಕೊಳ್ಳಿ. ಅಂದರೆ ದಿನಕ್ಕೆ ಒಂದು ಯೂನಿಟ್, ತಿಂಗಳಿಗೆ ಮೂವತ್ತು ಚಿಲ್ಲರೆ. ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯ ತಿಂಗಳ ಮಿತಿ 200 ಯೂನಿಟ್ ಎಂಬುದನ್ನು ನೆನೆದರೆ ಇದು ಎಷ್ಟು ಬಿಗಿಯಾದ ಸಂಸಾರ ಎಂದು ತಿಳಿಯುತ್ತದೆ.

ಪಟ್ಟಿಯಲ್ಲಿ ಇಂಡಕ್ಷನ್ ಒಲೆ, ಎಸಿ ಇಲ್ಲದಿರುವುದನ್ನು ಗಮನಿಸಿ. ಅಡುಗೆಗೆ ಗ್ಯಾಸೇ ಸರಿ. ಎಸಿ ಒಂದು ರಾತ್ರಿಗೆ ನಾಲ್ಕೈದು ಯೂನಿಟ್ ನುಂಗಬಲ್ಲದು; ಅದು ಬೇಕೆಂದರೆ ಪ್ಲಗ್ ಪಾಯಿಂಟ್ ಇರುವ ಜಾಗದಲ್ಲೇ ತಂಗಬೇಕು. ಗಮನಕ್ಕೆ ಬಾರದ ಇನ್ನೊಂದು ಖರ್ಚು ಇನ್ವರ್ಟರಿನದು. ಏನೂ ಓಡಿಸದೆ ಆನ್ ಮಾಡಿಟ್ಟರೂ ಅದು 10ರಿಂದ 20 ವಾಟ್ ತಿನ್ನುತ್ತದೆ. ದಿನಪೂರ್ತಿ ಬಿಟ್ಟರೆ ಅದೇ 240ರಿಂದ 480 ವಾಟ್-ಅವರ್! ದೀಪ, ಫ್ಯಾನು, ಮೊಬೈಲುಗಳನ್ನು ನೇರ 12 ವೋಲ್ಟಿನಲ್ಲೇ ಓಡಿಸಿ; ಮಿಕ್ಸಿಯಂಥವಕ್ಕೆ ಮಾತ್ರ ಇನ್ವರ್ಟರ್ ಹಾಕಿ, ಮುಗಿದ ಕೂಡಲೇ ಆರಿಸಿ.

ಆಮೇಲೆ ಆದಾಯ

ಬಿಸಿಲು, ಎಂಜಿನ್, ಪ್ಲಗ್ – ಚಾರ್ಜಿಂಗಿಗೆ ಇರುವುದು ಈ ಮೂರು ದಾರಿ.

ಬಯಲುಸೀಮೆಯ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 5 ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಗುತ್ತದೆ. ಪ್ಯಾನೆಲ್ ಛಾವಣಿಯ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ, ಧೂಳು ಹಿಡಿಯುತ್ತದೆ, ಕಾದಷ್ಟೂ ಅದರ ಉತ್ಪಾದನೆ ಇಳಿಯುತ್ತದೆ. ಹಾಗಾಗಿ ಮೂವತ್ತು ಪ್ರತಿಶತ ಕಳೆಯಬೇಕು. 300 ವಾಟ್ × 5 × 0.7 = 1050: ನಮ್ಮ ದಿನದ ಖರ್ಚಿಗೆ ಸರಿಯಾಯಿತು. ಇದಕ್ಕೆ ಸುಮಾರು ಒಂದೂವರೆ ಚದರ ಮೀಟರ್ ಛಾವಣಿ ಸಾಕು. ಆದರೆ ಜುಲೈನಲ್ಲಿ ಆಗುಂಬೆಯಲ್ಲೋ ಮಡಿಕೇರಿಯಲ್ಲೋ ನಿಲ್ಲಿಸಿದರೆ ಇದರ ಕಾಲುಭಾಗ ಸಿಕ್ಕರೂ ದೊಡ್ಡದು. ಮರದ ನೆರಳು ಮನುಷ್ಯರಿಗೆ ಹಿತ, ಪ್ಯಾನೆಲ್ಲಿಗೆ ಅಲ್ಲ. ಒಂದು ಕೊಂಬೆಯ ನೆರಳು ಬಿದ್ದರೂ ಉತ್ಪಾದನೆ ಕುಸಿಯುತ್ತದೆ. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಚಾರ್ಜ್ ಕಂಟ್ರೋಲರ್ ಎಂಪಿಪಿಟಿ ಬಗೆಯದಾಗಿರಲಿ. ಸುಮಾರು 18 ವೋಲ್ಟಿನಲ್ಲಿ ದುಡಿಯುವ ಪ್ಯಾನೆಲ್ಲನ್ನು 13 ವೋಲ್ಟಿನ ಬ್ಯಾಟರಿಗೆ ಜೋಡಿಸಿದಾಗ ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಆ ಅಂತರವನ್ನು ಕೈಬಿಡುತ್ತದೆ. ಎಂಪಿಪಿಟಿ ಅದನ್ನು ಹೆಚ್ಚುವರಿ ಆಂಪಿಯರ್ ಆಗಿ ಮಾರ್ಪಡಿಸುತ್ತದೆ.

ಎರಡನೆಯದು ಎಂಜಿನ್. ಹಿಂದೆ ಒಂದು ರಿಲೇ ಹಾಕಿ ಎರಡು ಬ್ಯಾಟರಿಗಳನ್ನು ಜೋಡಿಸಿದರೆ ಕೆಲಸ ಮುಗಿಯುತ್ತಿತ್ತು. ಬಿಎಸ್-6 ಕಾಲದ ಹಲವು ವಾಹನಗಳಲ್ಲಿ ಆಲ್ಟರ್ನೇಟರ್ ಇಂಧನ ಉಳಿಸಲೆಂದು ತನ್ನ ವೋಲ್ಟೇಜನ್ನು ತಾನೇ ಏರಿಸಿ ಇಳಿಸುತ್ತದೆ; ಆ ವೋಲ್ಟೇಜಿನಲ್ಲಿ ಎರಡನೇ ಬ್ಯಾಟರಿ ಪೂರ್ತಿ ತುಂಬುವುದೇ ಇಲ್ಲ. ಲಿಥಿಯಂ ಹಾಕಿದರೆ ಇನ್ನೊಂದು ಅಪಾಯ: ಅದು ಸಿಕ್ಕಷ್ಟನ್ನೂ ಎಳೆದು ಆಲ್ಟರ್ನೇಟರನ್ನು ಸುಡಬಲ್ಲದು. ಎರಡಕ್ಕೂ ಮದ್ದು, ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಂತೆ ಹೊಂದಿಸಿ ಆಂಪಿಯರಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್. 30 ಆಂಪಿಯರಿನದು ಎರಡು ಗಂಟೆಯ ಓಟದಲ್ಲಿ ಸುಮಾರು 780 ವಾಟ್-ಅವರ್ ತುಂಬುತ್ತದೆ. ಮಳೆಗಾಲದಲ್ಲಿ ನಿಮ್ಮನ್ನು ಕಾಯುವುದು ಇದೇ.

ಮೂರನೆಯದು ಪ್ಲಗ್. 20 ಆಂಪಿಯರಿನ ಚಾರ್ಜರ್ ಗೋಡೆಯಿಂದ ಎಳೆಯುವುದು 350 ವಾಟಿನಷ್ಟು; ಲಾಡ್ಜಿನ ಸಾಮಾನ್ಯ ಸಾಕೆಟ್ಟೂ ನಡೆಯುತ್ತದೆ.

ಈಗ ಬ್ಯಾಟರಿ

ನಮ್ಮಲ್ಲಿ ಮೊದಲು ಬರುವ ಯೋಚನೆ, ಮನೆಯ ಯುಪಿಎಸ್ಸಿನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯನ್ನೇ ಎತ್ತಿಕೊಂಡು ಹೋಗುವುದು. ಅದು ಗಟ್ಟಿಮುಟ್ಟಾದ ಡೀಪ್ ಸೈಕಲ್ ಬ್ಯಾಟರಿ ನಿಜ. ಆದರೆ 50 ಕಿಲೋಗೂ ಮೇಲೆ ತೂಗುತ್ತದೆ, ಘಾಟಿಯ ತಿರುವುಗಳಲ್ಲಿ ಆಸಿಡ್ ಚೆಲ್ಲಬಹುದು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಲಗುವ ಕೋಣೆಯೊಳಗೆ ಅದಕ್ಕೆ ಜಾಗವಿಲ್ಲ. ಸೀಸದ್ದೇ ಬೇಕೆಂದರೆ ಚೆಲ್ಲದ ಎಜಿಎಂ ಇಲ್ಲವೇ ಜೆಲ್ ಬಗೆ ತೆಗೆದುಕೊಳ್ಳಬೇಕು.

ಸೀಸದ ಬ್ಯಾಟರಿಗೆ ಮೂರು ಕಟ್ಟುಪಾಡು. ಒಂದು, ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ವಿಶ್ರಾಂತಿಯಲ್ಲಿದ್ದಾಗ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಅರ್ಧಕ್ಕೆ ಬಂದಿದೆ. ಎರಡು, ಮೇಲೆ ಬರೆದ ಸಾಮರ್ಥ್ಯ ನಿಧಾನ ಬಳಕೆಗೆ ಮಾತ್ರ. ಸಿ20 ಲೆಕ್ಕದ 100 ಆಂಪಿಯರ್-ಅವರ್ ಎಂದರೆ 20 ಗಂಟೆ ಕಾಲ 5 ಆಂಪಿಯರ್. 50 ಆಂಪಿಯರ್ ಎಳೆದರೆ ಎರಡು ಗಂಟೆ ಬಾರದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಕೊನೆಯ 20 ಪ್ರತಿಶತ ತುಂಬಲು ಅದು ಹಲವು ಗಂಟೆ ಹಿಡಿಯುತ್ತದೆ. ಎಷ್ಟು ದೊಡ್ಡ ಚಾರ್ಜರ್ ಇಟ್ಟರೂ ಆ ಹಂತದಲ್ಲಿ ಅದು ಕುಡಿಯುವುದು ಗುಟುಕು ಗುಟುಕಾಗಿ. ಪ್ರತಿದಿನ ಅರೆಬರೆ ತುಂಬುತ್ತ ಹೋದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಸಾಮರ್ಥ್ಯ ಕುಗ್ಗುತ್ತದೆ. ದಿನಕ್ಕೆ ಎರಡು ಗಂಟೆ ಓಡಿಸುವವರ ಸೀಸದ ಬ್ಯಾಟರಿ ಬೇಗ ಸಾಯುವುದು ಹೀಗೆ.

ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ, ಈ ಮೂರರಿಂದಲೂ ಬಹುಮಟ್ಟಿಗೆ ಮುಕ್ತ. ಟೆಕ್ಸಾಸ್ ವಿಶ್ವವಿದ್ಯಾಲಯದ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಎನಫ್ 1997ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ದಾರಿ ತೆರೆಯಿತು. 80 ಪ್ರತಿಶತ ನಿಶ್ಚಿಂತೆಯಿಂದ ಬಳಸಬಹುದು, ಬಹುತೇಕ ತುಂಬುವವರೆಗೂ ಒಂದೇ ವೇಗದಲ್ಲಿ ಚಾರ್ಜ್ ಆಗುತ್ತದೆ, ಅರ್ಧ ತುಂಬಿಟ್ಟರೂ ತಕರಾರಿಲ್ಲ. ಸೀಸದ್ದು ಕೆಲವು ನೂರು ಸಲದ ಬಳಕೆಗೆ ಸೋತರೆ ಇದು ಎರಡು ಸಾವಿರ ದಾಟುತ್ತದೆ.

ಬಿಸಿಲಿಲ್ಲದ ಎರಡು ದಿನ ತಡೆಯಲು 2100 ವಾಟ್-ಅವರ್ ಬೇಕು. ಎಲ್‌ಎಫ್‌ಪಿಯಲ್ಲಿ 80 ಪ್ರತಿಶತ ಬಳಸುವ ಲೆಕ್ಕಕ್ಕೆ ಅದು ಸುಮಾರು 200 ಆಂಪಿಯರ್-ಅವರ್, ತೂಕ ಸುಮಾರು 25 ಕಿಲೋ. ಅರ್ಧ ಮಾತ್ರ ಬಳಸುವ ಎಜಿಎಂನಲ್ಲಿ 350 ಆಂಪಿಯರ್-ಅವರ್, ಸುಮಾರು 100 ಕಿಲೋ. ಬೆಲೆ ಹೋಲಿಸುವಾಗ ಈ ಎರಡನ್ನು ಹೋಲಿಸಿ. 100ಕ್ಕೆ 100 ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ವಾರಾಂತ್ಯಕ್ಕೊಮ್ಮೆ ಹೋಗಿ, ಮನೆಗೆ ಬಂದ ಮೇಲೆ ಪ್ಲಗ್ಗಿಗೆ ಹಾಕಿಡುವವರಿಗೆ ಸಣ್ಣ ಎಜಿಎಂ ಈಗಲೂ ಸಾಕು.

ಕೊಳ್ಳುವಾಗ ಎಲ್‌ಎಫ್‌ಪಿಯ ಒಳಗಿರುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಎಷ್ಟು ಆಂಪಿಯರನ್ನು ಸತತವಾಗಿ ಬಿಡುತ್ತದೆ ಎಂದು ಕೇಳಿ. 100 ಆಂಪಿಯರ್-ಅವರ್ ಬ್ಯಾಟರಿ ಎಂಟು ಕಿಲೋಗೂ ಕಡಿಮೆ ತೂಗಿದರೆ ಅನುಮಾನಿಸಿ.

ಸೆಟ್ಟಿಂಗು, ಶಾಖ, ಚಳಿ

ಚಾರ್ಜರಿನಲ್ಲಿ ಬ್ಯಾಟರಿಯ ಬಗೆಯನ್ನು ಸರಿಯಾಗಿ ಆರಿಸದಿದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಎಜಿಎಂಗೆ ಸಾಮಾನ್ಯವಾಗಿ 14.4ರಿಂದ 14.7 ವೋಲ್ಟ್, ಜೆಲ್‌ಗೆ 14.1ರ ಆಸುಪಾಸು, ಎಲ್‌ಎಫ್‌ಪಿಗೆ 14.2ರಿಂದ 14.6. ಕೊನೆಯ ಮಾತು ತಯಾರಕರ ಕೈಪಿಡಿಯದು. ಎಲ್‌ಎಫ್‌ಪಿಯ ವೋಲ್ಟೇಜ್ ತುಂಬಿದ್ದಾಗಲೂ ಅರ್ಧವಿದ್ದಾಗಲೂ ಹೆಚ್ಚು ಕಡಿಮೆ ಒಂದೇ ಆದ್ದರಿಂದ ವೋಲ್ಟ್‌ಮೀಟರ್ ನಂಬಬೇಡಿ. ಒಳಬರುವ, ಹೊರಹೋಗುವ ಆಂಪಿಯರನ್ನು ಎಣಿಸುವ ಶಂಟ್ ಮೀಟರ್ ಹಾಕಿಸಿ.

ಸೊನ್ನೆ ಡಿಗ್ರಿಗಿಂತ ಕೆಳಗೆ ಎಲ್‌ಎಫ್‌ಪಿಯನ್ನು ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಲೇಪಗೊಂಡು ಶಾಶ್ವತ ಹಾನಿಯಾಗುತ್ತದೆ. ಲೇಹ್, ಸ್ಪಿತಿಯ ಯೋಜನೆ ಇದ್ದವರು ಕಡಿಮೆ ಉಷ್ಣತೆಯಲ್ಲಿ ಚಾರ್ಜಿಂಗ್ ನಿಲ್ಲಿಸುವ ಬಿಎಂಎಸ್ ಇರುವುದನ್ನೇ ತೆಗೆದುಕೊಳ್ಳಬೇಕು. ರಾಯಚೂರಿನ ಏಪ್ರಿಲ್ಲಿನಲ್ಲಿ ಸಮಸ್ಯೆ ತಿರುಗುಮುರುಗು: ಸೀಸದ ಬ್ಯಾಟರಿಯ ಆಯುಸ್ಸು 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಹೆಚ್ಚು ಕಡಿಮೆ ಅರ್ಧವಾಗುತ್ತದೆ. ಯಾವುದೇ ಆದರೂ ಎಂಜಿನ್ನಿನಿಂದ ದೂರ, ಗಾಳಿಯಾಡುವಲ್ಲಿ ಇಡಿ.

ವೈರಿನಲ್ಲಿ ಮಾತ್ರ ಉಳಿತಾಯ ಬೇಡ. 12 ವೋಲ್ಟಿನಲ್ಲಿ 1500 ವಾಟಿನ ಇನ್ವರ್ಟರ್ 140 ಆಂಪಿಯರಿನಷ್ಟು ಎಳೆಯುತ್ತದೆ. ಅದಕ್ಕೆ 50 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಬೇಕು, ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ ಫ್ಯೂಸ್ ಬೇಕು.

ಕೈಯಲ್ಲಿರುವ ಹಣ ಎಲ್ಲಕ್ಕೂ ಸಾಲದಿದ್ದರೆ ಫ್ಯೂಸು-ಕೇಬಲ್ಲು, ಶಂಟ್ ಮೀಟರ್, ಡಿಸಿ-ಡಿಸಿ ಚಾರ್ಜರ್, ಪ್ಯಾನೆಲ್ – ಈ ಸರದಿಯಲ್ಲಿ ಖರ್ಚು ಮಾಡಿ, ಬ್ಯಾಟರಿಯನ್ನು ಸದ್ಯಕ್ಕೆ 100 ಆಂಪಿಯರ್-ಅವರ್‌ಗೆ ಇಳಿಸಿ. ಒಂದೆರಡು ಪ್ರಯಾಣದಲ್ಲಿ ಮೀಟರ್ ನಿಜವಾದ ಖರ್ಚನ್ನು ತೋರಿಸುತ್ತದೆ. ಎರಡನೆಯ ಬ್ಯಾಟರಿ ಬೇಕೋ ಬೇಡವೋ ಎಂಬುದನ್ನು ಆ ಅಂಕಿ ನೋಡಿ ತೀರ್ಮಾನಿಸಬಹುದು.