ಎಷ್ಟು ನಿಮಿಷದ ಬೀಗ?

ವರ್ಕ್‌ಶಾಪನ್ನೇ ಕೆಲಸದ ಜಾಗಕ್ಕೆ ಎಳೆದೊಯ್ಯುವ ಕಾಲ ಇದು. ವೆಲ್ಡಿಂಗ್ ಸೆಟ್, ಕಂಪ್ರೆಸರ್, ಡ್ರಿಲ್ಲಿಂಗ್ ಮಷಿನ್, ತಾಮ್ರದ ಕೇಬಲ್ ಸುರುಳಿ ಎಲ್ಲವನ್ನೂ ತಗಡು ಹೊದೆಸಿದ ಟ್ರೇಲರಿಗೋ ಹಳೆಯ ಕಂಟೇನರಿಗೋ ತುಂಬಿ, ಹಿಂಬಾಗಿಲಿಗೆ ಒಂದು ಬೀಗ ಜಡಿದರೆ ಮಾಲೀಕನಿಗೆ ನಿರಾಳ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಂಥ ಕಡೆ ರಜೆಯ ಹಿಂದಿನ ಸಂಜೆ ಶಟರ್‌ಗಳು ಇಳಿದ ಮೇಲೆ ಇಂಥ ಪೆಟ್ಟಿಗೆಗಳ ಸುತ್ತ ಮನುಷ್ಯರ ಸುಳಿವೇ ಇರುವುದಿಲ್ಲ. ಕಳ್ಳನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಬೆಲೆಬಾಳುವುದೆಲ್ಲ ಒಂದೇ ಕಡೆ ತುಂಬಿದೆ, ಅದೂ ಚಕ್ರ ಸಮೇತ.

ಬೀಗ, ಸರಳು, ಕ್ಯಾಮೆರಾ ಎಲ್ಲ ಇದ್ದೂ ಏನಾಗಬಹುದು ಎಂಬುದಕ್ಕೆ ಇದೇ ಜಿಲ್ಲೆಯ ನ್ಯಾಮತಿಯಲ್ಲಿ ಉದಾಹರಣೆಯಿದೆ. 2024ರ ಅಕ್ಟೋಬರ್ ಕೊನೆಯ ವಾರಾಂತ್ಯದಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಗೆ ಕಿಟಕಿಯಿಂದ ನುಗ್ಗಿದ ತಂಡ, ಗ್ಯಾಸ್ ಕಟರಿನಿಂದ ಲಾಕರ್ ಕೊಯ್ದು 17 ಕಿಲೋಗೂ ಹೆಚ್ಚು ಚಿನ್ನ ಹೊತ್ತೊಯ್ದಿತು. ಕ್ಯಾಮೆರಾದ ದೃಶ್ಯಗಳು ಸೇರುವ ಡಿವಿಆರ್ ಪೆಟ್ಟಿಗೆಯೂ ಅವರ ಜೊತೆಗೇ ಹೋಯಿತು. ನಾಯಿಗಳ ದಾರಿ ತಪ್ಪಿಸಲು ಖಾರದ ಪುಡಿ ಎರಚಿದ್ದರು. ಗೊತ್ತಾದದ್ದು ಸೋಮವಾರ. ಐದು ತಿಂಗಳ ನಂತರ ಪೊಲೀಸರು ಆರೋಪಿಗಳನ್ನು ಬಂಧಿಸಿದಾಗ, ಚಿನ್ನದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಒಂದು ಬಾವಿಯಲ್ಲಿ.

ಲಾಕರಿನ ಉಕ್ಕು ಕಳಪೆಯಾಗಿತ್ತೆಂದು ದೂರುವುದು ಸುಲಭ. ಆದರೆ ಕಟರ್ ಹಿಡಿದವನಿಗೆ ಇಡೀ ವಾರಾಂತ್ಯ ಬಿಟ್ಟುಕೊಟ್ಟರೆ ಯಾವ ಉಕ್ಕೂ ಉಳಿಯದು. ಬೀಗ ತಯಾರಿಸುವವರಿಗೆ ಇದು ಹಳೆಯ ಸಂಗತಿ. ಲಂಡನ್ನಿನಲ್ಲಿ ಬ್ರಾಮಾ ಕಂಪನಿ ತನ್ನ ಬೀಗವೊಂದನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಕೀಲಿಕೈ ಇಲ್ಲದೆ ತೆರೆದವರಿಗೆ 200 ಗಿನಿ ಬಹುಮಾನ ಎಂದು ಬೋರ್ಡು ಹಾಕಿತ್ತು. ಅರವತ್ತು ವರ್ಷ ಅದು ಯಾರಿಗೂ ಮಣಿಯಲಿಲ್ಲ. 1851ರಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಬಂದು 16 ದಿನಗಳಲ್ಲಿ ಒಟ್ಟು 51 ತಾಸು ಕೂತು ತೆರೆದೇಬಿಟ್ಟ. ಕಂಪನಿಗೆ ಮುಖಭಂಗವಾಯಿತೆಂದು ಆಗ ಜನ ಮಾತಾಡಿಕೊಂಡರು. ನಿಜ ಹೇಳಬೇಕೆಂದರೆ 51 ತಾಸು ತಡೆದ ಬೀಗ ಅದ್ಭುತವಾದ ಬೀಗ. ಇಂದು ತಿಜೋರಿಗಳನ್ನು ಅಳೆಯುವುದೂ ಗಡಿಯಾರದಿಂದಲೇ. ಅಮೆರಿಕದ ಯುಎಲ್ ಸಂಸ್ಥೆಯ ಟಿಎಲ್-15, ಟಿಎಲ್-30 ಎಂಬ ದರ್ಜೆಗಳ ಅರ್ಥ, ಪಳಗಿದ ಕೈಗಳು ಸಲಕರಣೆ ಹಿಡಿದು ಬಾಗಿಲಿನ ಮೇಲೆ ಬಿದ್ದರೂ ಅದು 15 ಅಥವಾ 30 ನಿಮಿಷ ತಡೆಯುತ್ತದೆ ಎಂದಷ್ಟೇ.

ಹಾಗಾದರೆ ಟ್ರೇಲರಿಗೆ ನೇತುಹಾಕುವ ಬೀಗ ಎಷ್ಟು ನಿಮಿಷದ್ದು? ಅದು ಎದುರಿನ ಆಯುಧವನ್ನು ಅವಲಂಬಿಸಿದೆ. ಸಾದಾ ಉಕ್ಕಿನ ಕೊಂಡಿಯಾದರೆ ಉದ್ದ ಹಿಡಿಯ ಬೋಲ್ಟ್ ಕಟರಿಗೆ ಕೆಲವೇ ಸೆಕೆಂಡಿನ ಕೆಲಸ. ಬೋರಾನ್ ಬೆರೆಸಿ ಹದಗೊಳಿಸಿದ ದಪ್ಪ ಕೊಂಡಿಯಾದರೆ ಕಟರಿನ ಬಾಯಿಯೇ ಮುಕ್ಕಾಗಬಹುದು. ಆದರೆ ನಾಲ್ಕಿಂಚಿನ ಗ್ರೈಂಡರ್ ಬಂತೆಂದರೆ ಈ ಗಡಸುತನದ ಆಟ ನಡೆಯುವುದಿಲ್ಲ. ನಿಮಿಷಕ್ಕೆ ಸುಮಾರು 11,000 ಸುತ್ತು ಹೊಡೆಯುವ ಅದರ ತೆಳುಬಿಲ್ಲೆಯ ಅಂಚು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಉಜ್ಜುತ್ತದೆ. ಬಿಲ್ಲೆಯಲ್ಲಿರುವ ಅಲ್ಯೂಮಿನಾ ಹರಳುಗಳ ಗಡಸುತನ ಮೋಸ್ ಮಾಪಕದಲ್ಲಿ 9, ವಜ್ರದ್ದು 10. ಗ್ರೈಂಡರಿಗಿರುವ ದೌರ್ಬಲ್ಯ ಒಂದೇ, ಅದರ ಕಿರುಚಾಟ. ಕಿಡಿ ಹಾರಿಸಿಕೊಂಡು ಕಿರುಚುವ ಯಂತ್ರವನ್ನು ಜನವಿರುವ ಕಡೆ ಹೆಚ್ಚು ಹೊತ್ತು ನಡೆಸಲಾಗದು.

ಗ್ಯಾಸ್ ಕಟರ್ ಅಷ್ಟು ಸದ್ದು ಮಾಡುವುದಿಲ್ಲ. ಅದು ಕಬ್ಬಿಣವನ್ನು ಕರಗಿಸಿ ಕೊಯ್ಯುತ್ತದೆಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಕಬ್ಬಿಣವನ್ನು ಸುಡುತ್ತದೆ. ಜ್ವಾಲೆಯಿಂದ ಉಕ್ಕು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕೆಂಪಗಾದಾಗ ಶುದ್ಧ ಆಮ್ಲಜನಕದ ಧಾರೆ ಹಾಯಿಸುತ್ತಾರೆ. ಆಗ ಕಬ್ಬಿಣವೇ ಉರುವಲು. ಹುಟ್ಟುವ ಆಕ್ಸೈಡ್ ಕಬ್ಬಿಣಕ್ಕಿಂತ ಬೇಗ ಕರಗಿ ಹರಿದುಹೋಗುವುದರಿಂದ ಕೊಯ್ತ ಮುಂದುವರಿಯುತ್ತದೆ. ಅಲ್ಯೂಮಿನಿಯಮ್ಮಿನಲ್ಲಿ ಈ ಉಪಾಯ ಫಲಿಸದು. ಲೋಹ 660 ಡಿಗ್ರಿಗೇ ಕರಗಿದರೂ ಅದರ ಮೇಲಿನ ಆಕ್ಸೈಡ್ ಪದರ 2,000 ಡಿಗ್ರಿ ದಾಟಿದರೂ ಜಗ್ಗುವುದಿಲ್ಲ. ಹಾಗೆಂದು ಅಲ್ಯೂಮಿನಿಯಮ್ ಹೊದಿಕೆಯ ಟ್ರೇಲರಿನವರು ಬೀಗಬೇಕಾಗಿಲ್ಲ. ಆ ತಗಡಿಗೆ ಕೈಗತ್ತರಿಯೇ ಸಾಕು. ಆದರೆ ಇದೇ ಲೋಹವನ್ನು ಬಲಪಡಿಸಲೂ ಬರುತ್ತದೆ. 2020ರಲ್ಲಿ ಬ್ರಿಟನ್ನಿನ ಡರಂ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಅಲ್ಯೂಮಿನಿಯಮ್ ನೊರೆಯಲ್ಲಿ ಪಿಂಗಾಣಿ ಗುಂಡುಗಳನ್ನು ಹುದುಗಿಸಿ, ಗ್ರೈಂಡರಿನ ಬಿಲ್ಲೆಯನ್ನೇ ಸವೆಸಿಹಾಕುವ 'ಪ್ರೋಟಿಯಸ್' ಎಂಬ ವಸ್ತುವನ್ನು ತೋರಿಸಿದ್ದಾರೆ.

ಹತ್ತಿರ ಹೋಗಿ ನೋಡಿದರೆ ಟ್ರೇಲರಿನಲ್ಲಿ ಬೀಗಕ್ಕಿಂತ ಮೊದಲು ಸೋಲುವುದು ಬೇರೆಯೇ. ಚಿಲಕದ ಪಟ್ಟಿಯನ್ನು ಹಿಡಿದಿರುವ ಬೋಲ್ಟಿನ ತಲೆ ಹೊರಗೇ ಇರುತ್ತದೆ, ಒಂದು ಪಾನಾ ಸಾಕು. ಹಿಂಜಸ್ಸಿನ ಪಿನ್ನೂ ಹೊರಗೆ. ಅದನ್ನು ಹೊಡೆದು ತೆಗೆದರೆ ಬಾಗಿಲು ಬೀಗ ಹಾಕಿದ ಹಾಗೆಯೇ ಇನ್ನೊಂದು ಕಡೆಯಿಂದ ತೆರೆದುಕೊಳ್ಳುತ್ತದೆ. ಬೋಲ್ಟಿನ ತುದಿಗೆ ವೆಲ್ಡಿಂಗ್ ಚುಕ್ಕೆ ಇಟ್ಟು, ಪಿನ್ನನ್ನು ಬೆಸೆದು, ಕೊಂಡಿ ಹೊರಗೆ ಕಾಣದ ಗುಂಡು ಬೀಗ ಹಾಕಿದರೆ ಕೆಲವು ನಿಮಿಷಗಳ ಗಳಿಕೆ. ಮುಂದಿನ ಕೊಕ್ಕೆಗೆ ಬೇರೆ ಬೀಗ, ಚಕ್ರಕ್ಕೊಂದು ತಡೆ, ಹಿಂಬಾಗಿಲು ಗೋಡೆಗೆ ಒತ್ತುವಂತೆ ನಿಲ್ಲಿಸುವುದು ಇವೂ ಅಷ್ಟೇ ಮುಖ್ಯ. ಕೊನೆಯದಕ್ಕಂತೂ ನಯಾಪೈಸೆ ಖರ್ಚಿಲ್ಲ.

ದಾವಣಗೆರೆ 1997ರವರೆಗೆ ಸೇರಿದ್ದ ಚಿತ್ರದುರ್ಗ ಜಿಲ್ಲೆಯಲ್ಲಿ ಓಬವ್ವನ ಕಥೆ ಮಕ್ಕಳಿಗೂ ಬಾಯಿಪಾಠ. ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ದಾರಿ ಹುಡುಕಿದ್ದು ಹೆಬ್ಬಾಗಿಲಿನಲ್ಲಲ್ಲ, ಬಂಡೆಗಳ ನಡುವಿನ ಒಂದು ಕಿಂಡಿಯಲ್ಲಿ. ಕಿಂಡಿ ಕಿರಿದಾಗಿದ್ದರಿಂದ ಒಬ್ಬೊಬ್ಬರೇ ತೆವಳಿ ಬರಬೇಕಾಯಿತು. ಭದ್ರತಾ ಎಂಜಿನಿಯರುಗಳು ಅದನ್ನು ವಿಳಂಬ ಎನ್ನುತ್ತಾರೆ. ಆ ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವ ಇಲ್ಲದಿದ್ದರೆ ಆ ವಿಳಂಬ ದಂಡ.

ಟ್ರೇಲರಿನ ಬಳಿ ರಾತ್ರಿಯಿಡೀ ಯಾರೂ ನಿಲ್ಲಲಾಗದು, ಆ ಜಾಗಕ್ಕೆ ಈಗ ಜಿಪಿಎಸ್ ಟ್ರ್ಯಾಕರ್ ಬಂದಿದೆ. ಆದರೆ ಅದನ್ನು ಪೆಟ್ಟಿಗೆಯೊಳಗೆ ಭದ್ರವಾಗಿ ಬಚ್ಚಿಟ್ಟವರೇ ಮೋಸಹೋಗುವುದು. ಉಪಗ್ರಹದ ಸಂಕೇತ 20,000 ಕಿಲೋಮೀಟರ್ ಎತ್ತರದಿಂದ ಬರುವಷ್ಟರಲ್ಲಿ ತೀರಾ ಕ್ಷೀಣವಾಗಿರುತ್ತದೆ. ಸುತ್ತಲೂ ಲೋಹದ ಗೋಡೆಯಿದ್ದರೆ ರೇಡಿಯೊ ಅಲೆ ಒಳಗೆ ತೂರಲಾಗದು. 1836ರಲ್ಲಿ ಮೈಕೆಲ್ ಫ್ಯಾರಡೆ ಲೋಹದ ಕೋಣೆ ಕಟ್ಟಿ ತೋರಿಸಿದ ತತ್ವವೇ ಇದಕ್ಕೂ ಆಧಾರ. ಜಿಪಿಎಸ್ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್, ಬಾಗಿಲಿನ ಸಣ್ಣ ಸಂದು ಅದಕ್ಕೆ ಏನೇನೂ ಸಾಲದು. ಹಿಂದಿನ ಲೈಟಿನ ಪ್ಲಾಸ್ಟಿಕ್ ಕವಚದ ಒಳಗೋ ಚಾವಣಿಯ ಫೈಬರ್ ಮುಚ್ಚಳದ ಅಡಿಗೋ ಕೂರಿಸಿದರೆ ಆಕಾಶವೂ ಸಿಗುತ್ತದೆ, ಮೊಬೈಲ್ ಟವರೂ ಸಿಗುತ್ತದೆ. ಬಿಚ್ಚಿ ನಿಲ್ಲಿಸಿದ ಟ್ರೇಲರಿಗೆ ವಾಹನದ ಬ್ಯಾಟರಿಯ ಆಸರೆ ಇಲ್ಲದ್ದರಿಂದ ಇಂಥ ಯಂತ್ರ ನಿದ್ದೆಯಲ್ಲೇ ಇರುತ್ತದೆ. ಅಲುಗಾಟ ಗ್ರಹಿಸುವ ಪುಟ್ಟ ಚಿಪ್ ಎಬ್ಬಿಸಿದಾಗ ಮಾತ್ರ ಮಾಲೀಕನ ಫೋನಿಗೆ ಸಂದೇಶ ಹೋಗುತ್ತದೆ. ಕ್ಯಾಮೆರಾ ಇದ್ದರೆ ದೃಶ್ಯ ಆಗಿಂದಾಗಲೇ ಬೇರೆಡೆ ಸೇರುವಂತಿರಬೇಕು.

ಇಷ್ಟಾದರೂ ಸಾಮಾನು ಹೋಯಿತೆನ್ನಿ. ಸಿಕ್ಕಾಗ ಅದು ಯಾರದೆಂದು ತೋರಿಸುವುದು ಹೇಗೆ? ಕಳ್ಳರು ಸೀರಿಯಲ್ ನಂಬರನ್ನು ಉಜ್ಜಿಹಾಕುತ್ತಾರೆ. ಆದರೆ ಸುತ್ತಿಗೆಯಿಂದ ಹೊಡೆದ ಅಕ್ಷರದ ಏಟು ಕಣ್ಣಿಗೆ ಕಾಣುವ ಗುಳಿಗಿಂತ ಆಳಕ್ಕೆ ಹೋಗಿ, ಅಲ್ಲಿನ ಲೋಹದ ಹರಳುಗಳನ್ನು ಹಿಂಡಿರುತ್ತದೆ. ಮೇಲ್ಮೈಯನ್ನು ನುಣುಪು ಮಾಡಿ ತಾಮ್ರದ ಕ್ಲೋರೈಡ್ ಬೆರೆತ ಆಮ್ಲ ಸವರಿದರೆ ಆ ಭಾಗ ಉಳಿದ ಉಕ್ಕಿಗಿಂತ ಭಿನ್ನವಾಗಿ ಪ್ರತಿಕ್ರಿಯಿಸಿ, ಅಳಿಸಿದ ಅಂಕಿಗಳು ಮತ್ತೆ ಮೂಡುತ್ತವೆ. ವಿಧಿವಿಜ್ಞಾನ ಪ್ರಯೋಗಾಲಯಗಳ ಹಳೆಯ ವಿದ್ಯೆ ಇದು. ಸ್ಟಿಕ್ಕರ್ ಅಥವಾ ಪೇಂಟಿನ ನಂಬರಿಗೆ ಇದು ನಡೆಯದು. ಮೈಸೂರು ಕಿರ್ಲೋಸ್ಕರ್ ಲೇತುಗಳ ಕಾಲದಿಂದ ಯಂತ್ರದೊಂದಿಗೇ ಬೆಳೆದ ಹರಿಹರ, ದಾವಣಗೆರೆಯ ವರ್ಕ್‌ಶಾಪುಗಳಿಗೆ ನಂಬರ್ ಪಂಚು ಹೊಸದಲ್ಲ. ಪ್ರತಿ ಯಂತ್ರದ ಉಕ್ಕಿನ ಭಾಗಕ್ಕೆ, ಸುಲಭಕ್ಕೆ ಕಾಣದ ಕಡೆ, ಗುರುತು ಹೊಡೆದು ಫೋಟೊ ತೆಗೆದಿಟ್ಟರೆ ಪೊಲೀಸ್ ದೂರಿಗೂ ವಿಮೆಗೂ ಒದಗುತ್ತದೆ. ಆ ಪಟ್ಟಿ ಮಾತ್ರ ಟ್ರೇಲರಿನೊಳಗಿನ ಡ್ರಾಯರಿನಲ್ಲಿ ಇರಬಾರದು.