ಹಾನಗಲ್ಲ ಸೀಮೆಗೆ ಕೇಳಿಸಿದ ಧಾರವಾಡ

ಹುಬ್ಬಳ್ಳಿ ದಾಟಿ ಹೆದ್ದಾರಿ ಹಿಡಿದು ಬೆಂಗಳೂರಿನ ದಿಕ್ಕಿಗೆ ಹೊರಟರೆ ಶಿಗ್ಗಾಂವಿ ಬರುತ್ತದೆ. ಅಲ್ಲಿಂದ ಎಡಕ್ಕೆ ಹೊರಳಿದರೆ ಸವಣೂರು, ಬಲಕ್ಕೆ ಹೊರಳಿದರೆ ಹಾನಗಲ್ಲ. ಇನ್ನೂ ಕೆಳಗಿಳಿದು ಮಲೆನಾಡಿನ ಸೆರಗಿಗೆ ಹತ್ತಿದರೆ ಹಿರೇಕೆರೂರು. ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ನೆಲ. ಸವಣೂರಿನ ಕಡೆ ಎರೆ ಹೊಲ, ಹತ್ತಿ, ನಡುನಡುವೆ ತಣ್ಣನೆಯ ಎಲೆಬಳ್ಳಿ ತೋಟ. ಹಾನಗಲ್ಲಿನ ಕಡೆ ಭತ್ತದ ಗದ್ದೆ, ಮಾವಿನ ತೋಪು, ಕೆರೆಯ ಮೇಲೆ ಕೆರೆ. ಹಿರೇಕೆರೂರಿನ ದಾರಿಯಲ್ಲಿ ಕಣ್ಣು ಹಾಯುವಷ್ಟು ದೂರ ಗೋವಿನಜೋಳ. ವರದೆ, ಧರ್ಮಾ, ಕುಮುದ್ವತಿ ಎಂಬ ಮೂರು ಹೊಳೆಗಳು ಈ ಸೀಮೆಯನ್ನು ಹಾದು ತುಂಗಭದ್ರೆಯ ಕಡೆಗೆ ನಡೆಯುತ್ತವೆ.

ಇಷ್ಟು ಬೇರೆಬೇರೆಯಾದ ನೆಲದ ಮೇಲೆ ಒಂದು ಕಾಲಕ್ಕೆ ಬೆಳಗು ಮಾತ್ರ ಒಂದೇ ರೀತಿ ಆಗುತ್ತಿತ್ತು. ಬಚ್ಚಲ ಒಲೆಯ ಹೊಗೆ ಹಂಚಿನ ಸಂದಿಯಿಂದ ಮೇಲೇಳುವ ಹೊತ್ತು. ಹಿತ್ತಲಲ್ಲಿ ಎಮ್ಮೆಯ ಕೆಚ್ಚಲಿಗೆ ನೀರು ಚಿಮುಕಿಸುವ ಸಪ್ಪಳ. ಪಡಸಾಲೆಯ ಮಾಡದಲ್ಲಿಟ್ಟ ರೇಡಿಯೋ ಮೊದಲು ಗರಗರ ಎನ್ನುತ್ತಿತ್ತು, ಆಮೇಲೆ ಪಿಟೀಲಿನ ಆ ಹಳೆಯ ರಾಗ. ಆಕಾಶವಾಣಿಯ ಆ ಮೊದಲ ನಾದವನ್ನು 1930ರ ದಶಕದಲ್ಲಿ ಕಟ್ಟಿಕೊಟ್ಟವರು ಯುರೋಪಿನಿಂದ ಮುಂಬಯಿಗೆ ಆಶ್ರಯ ಅರಸಿ ಬಂದ ಯೆಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್. ಅವರ ಹೆಸರು ಗೊತ್ತಿಲ್ಲದೆಯೇ ಸವಣೂರಿನ ಎಲೆ ತೋಟದ ಆಳು, ಹಿರೇಕೆರೂರಿನ ಶಾಲಾ ಮಾಸ್ತರರು ಅದನ್ನು ಕೇಳಿ ಎದ್ದರು. ಅದರ ಬೆನ್ನಿಗೆ ಗಂಭೀರವಾದ ಒಂದು ದನಿ: ಆಕಾಶವಾಣಿ, ಧಾರವಾಡ.

ಈ ಸೀಮೆಯಲ್ಲಿ ರೇಡಿಯೋ ‘ಹಚ್ಚು’ತ್ತಾರೆ, ದೀಪ ಹಚ್ಚಿದಂತೆ. ಸಂಜೆಯಾದರೆ ಅಜ್ಜನ ಕೂಗು: “ಏ ತಂಗೆವ್ವಾ, ರೇಡಿಯೋ ಹಚ್ಚವಾ, ಪ್ಯಾಟಿ ಧಾರಣಿ ಹೇಳೋ ಹೊತ್ತಾತು.” ಹತ್ತಿಗೆ ಹುಬ್ಬಳ್ಳಿಯಲ್ಲಿ ಎಷ್ಟು, ಮೆಣಸಿನಕಾಯಿಗೆ ಬ್ಯಾಡಗಿಯಲ್ಲಿ ಎಷ್ಟು ಎಂಬ ಲೆಕ್ಕ ಮುಗಿಯುವವರೆಗೆ ಕಟ್ಟೆಯ ಮೇಲೆ ಯಾರೂ ಕೆಮ್ಮುವಂತಿರಲಿಲ್ಲ. ಅಂಚೆ ಕಚೇರಿಗೆ ಹೋಗಿ, ವರ್ಷದ ಶುಲ್ಕ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬಂದವರ ಮನೆಯಲ್ಲಷ್ಟೇ ಆಗ ರೇಡಿಯೋ ಇರುತ್ತಿತ್ತು. ಉಳಿದವರಿಗೆ ಆ ಮನೆಯ ಕಟ್ಟೆ, ಇಲ್ಲವೇ ಪಂಚಾಯತಿ ಚಾವಡಿ. ಒಂದು ರೇಡಿಯೋಗೆ ಒಂದು ಓಣಿ ಕಿವಿಗೊಡುತ್ತಿತ್ತು.

ಧಾರವಾಡದಲ್ಲಿ ಈ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಆ ದಿನವನ್ನು ನಾನು ಕನ್ನಡ ನಾಡಿನ ದೊಡ್ಡ ದಿನಗಳಲ್ಲಿ ಎಣಿಸುತ್ತೇನೆ. ಆಗ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಎಲ್ಲವೂ ಮುಂಬಯಿಯ ಆಳ್ವಿಕೆಗೆ ಸೇರಿದ ಧಾರವಾಡ ಜಿಲ್ಲೆಯೊಳಗಿದ್ದವು. ಸವಣೂರಿನ ನವಾಬರ ಸಂಸ್ಥಾನ ವಿಲೀನವಾಗಿ ಎರಡು ವರ್ಷವೂ ತುಂಬಿರಲಿಲ್ಲ. ಅತ್ತ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲೇ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ನಡೆಸಿದ್ದರು. ಆದರೆ ಅದು ಮಹಾರಾಜರ ಮೈಸೂರು. ಮುಂಬಯಿ ಕರ್ನಾಟಕದ ರೈತನಿಗೆ ಅವನದೇ ಮಾತಿನಲ್ಲಿ ಮಾತಾಡುವ ಕೇಂದ್ರ ಸಿಕ್ಕಿದ್ದು 1950ರಲ್ಲಿ. ರಾಜ್ಯ ಒಂದಾಗಲು ಇನ್ನೂ ಆರು ವರ್ಷ ಬಾಕಿ ಇತ್ತು. ನಕಾಶೆಯಲ್ಲಿ ಒಂದಾಗುವ ಮುನ್ನವೇ ಕನ್ನಡಿಗರು ಕಿವಿಯಲ್ಲಿ ಒಂದಾಗತೊಡಗಿದ್ದರು.

ಆ ಕೇಂದ್ರದ ಒಳಗೆ ಎಂಥವರಿದ್ದರು ಎಂದು ನೆನೆದರೆ ಮೈ ನವಿರೇಳುತ್ತದೆ. ದ.ರಾ. ಬೇಂದ್ರೆಯವರು 1956ರಿಂದ ಅಲ್ಲಿ ಸಲಹೆಗಾರರು. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರು. ‘ಎನ್ಕೆ’ ಎಂದೇ ಓದುಗರು ಬಲ್ಲ ಎನ್.ಕೆ. ಕುಲಕರ್ಣಿ ಕಾದಂಬರಿ ಬರೆಯುವ ಕೈಯಿಂದಲೇ ಬಾನುಲಿಯ ಕೆಲಸವನ್ನೂ ಮಾಡಿದರು. ಕೇಂದ್ರ ಸರ್ಕಾರದ ವಾರ್ತಾ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರ ಆ ವರ್ಷಗಳಲ್ಲಿ ಸಾಹಿತಿಗಳನ್ನೂ ಸಂಗೀತಗಾರರನ್ನೂ ಬಾನುಲಿಗೆ ಕರೆತರುವ ಪದ್ಧತಿ ಬೆಳೆಯಿತು. ಧಾರವಾಡ ಅದರ ಫಲವನ್ನು ಹೊಟ್ಟೆ ತುಂಬ ಉಂಡ ಊರು.

1964ರಲ್ಲಿ ಆಕಾಶವಾಣಿಗೆ ಬಂದವರು ಜ್ಯೋತ್ಸ್ನಾ ಕಾಮತ್. ಹುಟ್ಟಿದ್ದು 1937ರಲ್ಲಿ, ಉತ್ತರ ಕನ್ನಡದ ಕೊಂಕಣಿ ಮನೆಯಲ್ಲಿ. ಘಟ್ಟದ ಕೆಳಗಿನ ಹುಡುಗಿಯರು ಓದಲಿಕ್ಕೆ ಘಟ್ಟ ಹತ್ತುವುದೇ ಅಪರೂಪವಾಗಿದ್ದ ದಿನಗಳಲ್ಲಿ ಓದಿ, ಕೆಲಸ ಹಿಡಿದು, ಬಾನುಲಿಯಂಥ ಗಂಡಸರ ಗೂಡಿನಲ್ಲಿ ಮೂವತ್ತು ವರ್ಷ ನಡೆದವರು ಅವರು. ಧಾರವಾಡ, ಬೆಂಗಳೂರು, ಕಲಕತ್ತೆ, ಜಯಪುರ, ಮುಂಬಯಿ, ಮೈಸೂರು ಹೀಗೆ ವರ್ಗಾವಣೆಯ ಊರುಗಳನ್ನೆಲ್ಲ ಸುತ್ತಿ, 1994ರಲ್ಲಿ ಬೆಂಗಳೂರು ಕೇಂದ್ರದ ನಿರ್ದೇಶಕಿಯಾಗಿ ನಿವೃತ್ತರಾದರು. ಇಷ್ಟರ ನಡುವೆಯೇ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಮಧ್ಯಕಾಲೀನ ಕರ್ನಾಟಕದ ಸಾಮಾಜಿಕ ಬದುಕನ್ನು ಕುರಿತ ಆ ಪ್ರಬಂಧ 1980ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಯಿತು. ಕನ್ನಡದಲ್ಲಿ ‘ಕರ್ನಾಟಕದಲ್ಲಿ ಶಿಕ್ಷಣ ಪರಂಪರೆ’ ಬರೆದರು, ನಗೆಬರಹಗಳನ್ನೂ ಬರೆದರು. ಪತಿ ಕೃಷ್ಣಾನಂದ ಕಾಮತರು ಅಮೆರಿಕದಲ್ಲಿ ಕೀಟಶಾಸ್ತ್ರ ಓದಿ ಬಂದು ‘ನಾನೂ ಅಮೆರಿಕೆಗೆ ಹೋಗಿದ್ದೆ’ ಎಂಬ ಸೊಗಸಾದ ಪುಸ್ತಕ ಕೊಟ್ಟವರು.

ಈ ವಿವರಗಳು ಯಾವ ಪರಿಚಯ ಲೇಖನದಲ್ಲೂ ಸಿಗುತ್ತವೆ. ಸಿಗದೆ ಹೋಗಿರುವುದು ಬಾನುಲಿ ನಿರ್ಮಾಪಕರ ದಿನಗಳ ಚಿತ್ರ. ಅದನ್ನು ಕೊಂಚ ನಿಧಾನವಾಗಿ ಬಿಡಿಸಬೇಕು.

ದಪ್ಪ ಬಾಗಿಲಿನ ಸ್ಟುಡಿಯೋ. ಬಾಗಿಲು ಮುಚ್ಚಿದರೆ ಹೊರಗಿನ ಕಾಗೆಯ ಕೂಗೂ ಒಳಗೆ ಬರದು. ಮೇಜಿನ ಮೇಲೆ ಮೈಕು, ಅದರೆದುರು ಖಾದಿ ಅಂಗಿಯ ಒಬ್ಬ ರೈತ. ಬೆಳಿಗ್ಗೆಯ ಬಸ್ಸು ಹತ್ತಿ ಬಂದವನು. ಆಕಾಶವಾಣಿಯ ಕರಾರು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡಿದ್ದಾನೆ. ಊರ ಕಟ್ಟೆಯ ಮೇಲೆ ತಾಸುಗಟ್ಟಲೆ ಮಾತಾಡಬಲ್ಲವನಿಗೆ ಇಲ್ಲಿ ಕೆಂಪು ದೀಪ ಹೊತ್ತಿದೊಡನೆ ಗಂಟಲು ಕಟ್ಟುತ್ತದೆ. ಬರೆದು ತಂದ ಕಾಗದ ಕೈಯಲ್ಲಿ ನಡುಗಿ ಸದ್ದು ಮಾಡುತ್ತದೆ, ಆ ಸದ್ದನ್ನು ಮೈಕು ಹತ್ತು ಪಟ್ಟು ಮಾಡಿ ಹಿಡಿಯುತ್ತದೆ. ಗಾಜಿನ ಆಚೆ ಕೂತ ನಿರ್ಮಾಪಕಿ ಎದ್ದು ಒಳಗೆ ಬರುತ್ತಾಳೆ. “ಕಾಗದ ಅಲ್ಲೇ ಇಡ್ರಿ. ನಿಮ್ಮ ಎತ್ತಿನ ಹೆಸರೇನ್ರಿ?” ಎಂದು ಕೇಳುತ್ತಾಳೆ. ರೈತ ನಗುತ್ತಾನೆ. ಮಾತು ಹರಿಯತೊಡಗುತ್ತದೆ. ಆಗ ಟೇಪು ತಿರುಗುತ್ತಿರುತ್ತದೆ.

ಇಂಥ ಗಳಿಗೆಯನ್ನು ಹುಟ್ಟಿಸುವುದೇ ಬಾನುಲಿಯ ಬರವಣಿಗೆಯ ಅರ್ಧ ಭಾಗ ಎಂದು ನಾನು ಹೇಳುತ್ತೇನೆ. ಉಳಿದರ್ಧ ಬ್ಲೇಡಿನದು. ಸ್ಪೂಲ್ ಟೇಪನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ, ಎಲ್ಲಿ ಉಸಿರು ಮುಗಿಯಿತು, ಎಲ್ಲಿ ಮುಂದಿನ ಮಾತು ಶುರುವಾಯಿತು ಎಂದು ಕಿವಿಯಿಂದಲೇ ಗುರುತಿಸಿ, ಬಣ್ಣದ ಪೆನ್ಸಿಲ್ಲಿನಿಂದ ಗೆರೆ ಎಳೆದು, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಅಂಟುಪಟ್ಟಿಯಿಂದ ಜೋಡಿಸಬೇಕು. ಅರ್ಧ ತಾಸಿನ ಮಾತು ಹತ್ತು ನಿಮಿಷಕ್ಕೆ ಇಳಿಯುತ್ತದೆ. ಕತ್ತರಿಸಿದ್ದು ಎಲ್ಲೂ ಕೇಳಬಾರದು. ಮುನ್ನುಡಿಯ ನಾಲ್ಕು ಸಾಲನ್ನು ನಿರ್ಮಾಪಕಿಯೇ ಬರೆಯಬೇಕು. ಅದನ್ನು ಕಣ್ಣಿಗಲ್ಲ, ಕಿವಿಗೆ ಬರೆಯಬೇಕು. ಉದ್ದ ವಾಕ್ಯ ಬರೆದರೆ ರೊಟ್ಟಿ ಬಡಿಯುತ್ತ ಕೇಳುವ ಹೆಂಗಸಿಗೆ ಮೊದಲರ್ಧ ಮರೆತು ಹೋಗಿರುತ್ತದೆ. ಪುಸ್ತಕದ ಓದುಗ ಹಿಂದಿನ ಪುಟಕ್ಕೆ ಹೋಗಬಹುದು, ಕೇಳುಗ ಹೋಗಲಾರ.

ಹೀಗೆ ಕಟ್ಟಿದ ಮಾತು ಉಳಿಯಿತೇ? ಅಮೆರಿಕದಲ್ಲಿ 1967ರ ಸಾರ್ವಜನಿಕ ಪ್ರಸಾರ ಕಾನೂನಿನ ನಂತರ ಸಾರ್ವಜನಿಕ ರೇಡಿಯೋ ಎಂಬುದು ನೆಲೆಗೊಂಡಿತು. ಅಲ್ಲಿಯ ಹಲವು ಹಳೆಯ ಕಾರ್ಯಕ್ರಮಗಳು ಇಂದಿಗೂ ಕೇಳಲು ಸಿಗುತ್ತವೆ. ನಮ್ಮಲ್ಲಿ ಆಗ ಟೇಪು ದುಬಾರಿಯಾಗಿತ್ತು. ಪ್ರಸಾರವಾದ ಮಾತನ್ನು ಅಳಿಸಿ ಅದೇ ಟೇಪಿನ ಮೇಲೆ ಹೊಸ ಮಾತು ತುಂಬಿಸುವುದು ಕೇಂದ್ರಗಳಲ್ಲಿ ನಡೆದು ಬಂದ ರೂಢಿ. ಹೀಗಾಗಿ ಜ್ಯೋತ್ಸ್ನಾ ಕಾಮತರಂಥವರ ಪುಸ್ತಕಗಳನ್ನು ಎಣಿಸಬಹುದು, ಆದರೆ ಅವರು ಮೂವತ್ತು ವರ್ಷ ಗಾಳಿಗೆ ಬಿಟ್ಟದ್ದನ್ನು ಯಾರು ಎಣಿಸಬೇಕು? ನನ್ನ ಮಟ್ಟಿಗೆ ಅವರ ದೊಡ್ಡ ಕೃತಿ ಆ ಎಣಿಕೆಗೆ ಸಿಗದ ಭಾಗವೇ.

ಅದು ಎಲ್ಲಿ ಇಳಿಯಿತು ಎಂದು ಹುಡುಕಲು ಈ ನಾಲ್ಕು ತಾಲ್ಲೂಕಿಗೆ ಬರಬೇಕು. ಹಾನಗಲ್ಲಿನ ಒಂದು ಮನೆಯ ಮಧ್ಯಾಹ್ನ. ಗಂಡಸರು ಗದ್ದೆಗೆ ಹೋಗಿದ್ದಾರೆ. ಮೊರದಲ್ಲಿ ಅಕ್ಕಿ, ಅಕ್ಕಿಯಲ್ಲಿ ಕಲ್ಲು, ಆರಿಸುವ ಕೈ. ಪಕ್ಕದಲ್ಲಿ ರೇಡಿಯೋ, ಮಹಿಳೆಯರ ಕಾರ್ಯಕ್ರಮ. ಕೂಸಿನ ಚುಚ್ಚುಮದ್ದಿನ ವಿಷಯ, ಉಳಿತಾಯದ ಪುಸ್ತಕದ ವಿಷಯ, ನಡುವೆ ಒಂದು ಪ್ರಹಸನ, ಕೊನೆಗೊಂದು ಭಾವಗೀತೆ. ಅಕ್ಷರ ಬಾರದ ಮುತ್ತೈದೆಗೆ ಅದು ಶಾಲೆ. ಅಕ್ಷರ ಬಂದವಳು ಅಂಚೆಕಾರ್ಡು ತಂದು “ಅಕ್ಕಾರಿಗೆ ನಮಸ್ಕಾರ” ಎಂದು ಪತ್ರ ಶುರು ಮಾಡುತ್ತಾಳೆ. ಗಂಡನಿಗೂ ಅತ್ತೆಗೂ ಹೇಳದ ಮಾತನ್ನು ಮುಖ ನೋಡಿರದ ಆ ಅಕ್ಕನಿಗೆ ಬರೆಯುತ್ತಾಳೆ.

ಶಿಗ್ಗಾಂವಿ ತಾಲ್ಲೂಕಿನ ಬಾಡ ಕನಕದಾಸರ ಊರು, ಶಿಶುವಿನಹಾಳ ಶರೀಫರ ಊರು. ಏಕತಾರಿ, ತಾಳ, ದಮ್ಮಡಿ ಹಿಡಿದ ಭಜನಾ ಮೇಳಗಳಿಗೆ ಅಲ್ಲಿ ಬರವಿಲ್ಲ. ಅಂಥ ಮೇಳವೊಂದು ಧಾರವಾಡಕ್ಕೆ ಹೋಗಿ ಹಾಡಿ ಬಂತೆಂದರೆ ಪ್ರಸಾರದ ದಿನ ಊರಿಗೆ ಊರೇ ಗುಡಿಯ ಮುಂದೆ ಕೂರುತ್ತಿತ್ತು. ಎದುರಿಗೇ ಕೂತ ಗಂಡನ ದನಿ ಪೆಟ್ಟಿಗೆಯೊಳಗಿಂದ ಬಂದಾಗ ಹೆಂಡತಿ ಸೆರಗಿನ ಮರೆಯಲ್ಲಿ ನಗುತ್ತಿದ್ದಳು.

ಸವಣೂರು ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ ಊರು. ಅದೇ ತಾಲ್ಲೂಕಿನ ಹತ್ತಿಮತ್ತೂರಿನಿಂದ ಬಂದವರು ಕವಿ ಚಂಪಾ. ಹಿರೇಕೆರೂರು ಸೀಮೆಯ ಮಾಸೂರು ಸರ್ವಜ್ಞನ ನೆನಪಿನ ಊರು. ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕತೆ ಹೇಳುವ ಶಾಸನವಿದೆ. ಹಾನಗಲ್ಲಿನ ತಾರಕೇಶ್ವರ ಗುಡಿಯ ಸುತ್ತ ಕದಂಬರ ಕಾಲದ ಬರಹದ ಕಲ್ಲುಗಳಿವೆ. ಜ್ಯೋತ್ಸ್ನಾ ಕಾಮತರು ಸಂಶೋಧನೆಗೆ ಇಳಿದದ್ದು ಇಂಥ ಕಲ್ಲುಗಳ, ‘ಮಾನಸೋಲ್ಲಾಸ’ದಂಥ ಗ್ರಂಥಗಳ ಕಾಲಕ್ಕೆ. ಅಂದಿನ ಜನ ಏನು ಉಂಡರು, ಏನು ಉಟ್ಟರು, ಮಕ್ಕಳನ್ನು ಎಲ್ಲಿ ಓದಿಸಿದರು ಎಂಬ ಪ್ರಶ್ನೆಗಳು ಅವರವು. ರಾಜರ ಯುದ್ಧಕ್ಕಿಂತ ಅಡುಗೆಮನೆಯ ವಿವರ ಮುಖ್ಯವೆಂದು ಕಂಡದ್ದು ಬಾನುಲಿಯಲ್ಲಿ ದಿನವೂ ಸಾಮಾನ್ಯರ ಮಾತು ಕೇಳಿದ ಕಿವಿಗೆ ಸಹಜವೇ ಎಂದು ನನಗೆ ಅನಿಸುತ್ತದೆ.

ಹಾನಗಲ್ಲಿಗೆ ಬಾನುಲಿಯ ಇನ್ನೊಂದು ಋಣವಿದೆ. ಗಾಯಕಿ ಗಂಗೂಬಾಯಿಯವರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ, ಹೆಸರಿಗೆ ಅಂಟಿದ್ದು ಹಾನಗಲ್ಲ. ದಶಕಗಳ ಕಾಲ ದೇಶದ ಮೂಲೆಮೂಲೆಯ ಮನೆಗಳಲ್ಲಿ ಉದ್ಘೋಷಕರು ಆ ಹೆಸರು ಹೇಳಿದಾಗಲೆಲ್ಲ ಈ ಪುಟ್ಟ ಊರಿನ ಹೆಸರೂ ಕೇಳಿಸಿತು.

ಈಗ ಆ ಪಡಸಾಲೆಯ ಮಾಡದಲ್ಲಿ ರೇಡಿಯೋ ಇಲ್ಲ, ಮೊಬೈಲಿನ ಚಾರ್ಜರ್ ಇದೆ. ಧಾರವಾಡ ಕೇಂದ್ರ ಇದ್ದೇ ಇದೆ, ಅದರ 765 ಕಿಲೋಹರ್ಟ್ಸ್ ಅನೇಕರಿಗೆ ಈಗಲೂ ಬಾಯಿಪಾಠ. ಜ್ಯೋತ್ಸ್ನಾ ಕಾಮತ್ 2022ರಲ್ಲಿ ತೀರಿಕೊಂಡರು. ಅವರ ಪೀಳಿಗೆಯ ನಿರ್ಮಾಪಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ, ಅವರ ದನಿ ಕೇಳಿ ಬೆಳೆದವರೂ ಮುಪ್ಪಾಗಿದ್ದಾರೆ. ಅಳಿಸಿದ ಟೇಪು ಮರಳಿ ಬರುವುದಿಲ್ಲ. ಉಳಿದದ್ದು ಈ ಹಳ್ಳಿಗಳ ಮನೆಗಳಲ್ಲಿ ಇರಬಹುದು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಅಟ್ಟದ ಟ್ರಂಕಿನಲ್ಲಿ ಆಕಾಶವಾಣಿಯ ಹಳೆಯ ಕರಾರು ಪತ್ರ, ಅಜ್ಜ ಓದಿದ ಭಾಷಣದ ಕೈಬರಹ, ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದ ಯಾವುದಾದರೂ ಕಾರ್ಯಕ್ರಮದ ಕ್ಯಾಸೆಟ್, ಕೇಂದ್ರದಿಂದ ಬಂದ ಉತ್ತರದ ಕಾರ್ಡು ಇದ್ದರೆ ರದ್ದಿಗೆ ಹಾಕಬೇಡಿ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿಯ ಹುಡುಗ ಹುಡುಗಿಯರನ್ನು ಮನೆಗೆ ಕರೆಯಿರಿ, ಅವುಗಳ ನಕಲು ಮಾಡಿಸಿ. ವಿಶ್ವವಿದ್ಯಾಲಯವೂ ಧಾರವಾಡ ಕೇಂದ್ರವೂ ಕೂಡಿ ಊರೂರಿನ ಕೇಳುಗರ ನೆನಪನ್ನು ಧ್ವನಿಯಲ್ಲೇ ದಾಖಲಿಸಲಿ. ಹಿರಿಯರು ಇನ್ನೂ ನಮ್ಮೊಡನೆ ಇರುವಾಗಲೇ, ಈ ವರ್ಷವೇ ಆ ಕೆಲಸ ಶುರುವಾಗಬೇಕು.